ಮೂರನೇ ಮಹಡಿಯ ಬಿರುಕು

ವಡಾಲ, ಮುಂಬೈ
೬ ಜುಲೈ ೨೦೨೪

ಪ್ರೀತಿಯ ಪ್ರಣಿ,

ನೀನು ಧಾರವಾಡ ಮುಟ್ಟಿದೆ ಎಂದು ನಿನ್ನ ಸೋದರಮಾವ ಫೋನ್ ಮಾಡಿ ಹೇಳಿದ. ಅವಳ ಕೈಗೆ ಫೋನ್ ಕೊಡು ಎಂದು ನಾನು ಕೇಳಲಿಲ್ಲ. ಕೇಸಿನ ವಿಷಯ ಫೋನಿನಲ್ಲಿ ಒಂದಕ್ಷರವೂ ಬೇಡ ಎಂದು ವಕೀಲ ಸದಾನಂದರ ಕಟ್ಟಪ್ಪಣೆ. ಕೇಸು ಬಿಟ್ಟರೆ ನಮ್ಮಿಬ್ಬರಿಗೆ ಸದ್ಯ ಮಾತಾಡಲು ಬೇರೇನೂ ಇಲ್ಲ. ಅದಕ್ಕೇ ಕಾಗದ.

ಜಾಮೀನು ಸಿಕ್ಕಿದ್ದೇ ದೊಡ್ಡದು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಮುಂಬೈ ಬಿಟ್ಟಿರಬೇಕು, ತಾರೀಖು ಬಂದಾಗ ಮಾತ್ರ ಕೋರ್ಟಿಗೆ ಬರಬೇಕು. ಇರಲಿ. ಮಾವನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಪೇಪರು ಓದಬೇಡ. ಮಲಾಡಿನಲ್ಲಿ ಕುಸಿದ ಅನಂತಛಾಯಾ ಬಿಲ್ಡಿಂಗಿನ ಸುದ್ದಿ ಇನ್ನೂ ಮೊದಲ ಪುಟದಿಂದ ಇಳಿದಿಲ್ಲ. 'ಸಣ್ಣ ರಿಪೇರಿ ಸಾಕು, ಜನ ವಾಸ ಮಾಡಬಹುದು ಎಂದು ಸಹಿ ಹಾಕಿದ ಯುವ ಎಂಜಿನಿಯರ್' ಎಂದು ನಿನ್ನ ಫೋಟೋ ಹಾಕುತ್ತಾರೆ. ನಿನ್ನ ಆಫೀಸಿನ ಮಾಲೀಕ ಕಿಶೋರನ ಹೆಸರು ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿರುತ್ತದೆ.

ನಿನಗೆ ನಗು ಬರಬಹುದು, ಆದರೂ ಬರೆಯುತ್ತೇನೆ. ಮಕ್ಕಳಿಗೆ ಪತ್ತೇದಾರಿ ಕಥೆ ಬರೆದು ಬರೆದು ನನಗೊಂದು ನಂಬಿಕೆ ಅಂಟಿಕೊಂಡಿದೆ: ಮೊದಲ ಪುಟದಲ್ಲೇ ಸಿಕ್ಕಿಬಿದ್ದವರು ಎಂದೂ ಅಪರಾಧಿಗಳಲ್ಲ. ಸಹಿ ನಿನ್ನದು, ಒಪ್ಪಿದೆ. ಆದರೆ ನಿನ್ನ ಕೈ ಹಿಡಿದು ಹಾಕಿಸಿದವರು ಯಾರು? ನೀನು ಮೂರನೇ ಮಹಡಿಗೆ ಹೋಗಲೇ ಇಲ್ಲ, ಕೆಳಗಿನ ಎರಡು ಮನೆ ಮಾತ್ರ ತೋರಿಸಿದರು ಎಂದು ಸದಾನಂದರು ಕೋರ್ಟಿನಲ್ಲಿ ಹೇಳಿದ್ದಾರಲ್ಲ, ಅದನ್ನು ಸಾಬೀತು ಮಾಡುವ ಒಬ್ಬ ಸಾಕ್ಷಿ ಆ ಬಿಲ್ಡಿಂಗಿನವರಲ್ಲಿ ಇದ್ದೇ ಇರಬೇಕು.

ಬದುಕಿ ಉಳಿದವರನ್ನು ಮಲಾಡಿನ ಒಂದು ಶಾಲೆಯ ಹಾಲ್‌ನಲ್ಲಿ ಇಟ್ಟಿದ್ದಾರೆ. ಅಲ್ಲಿನ ಮಕ್ಕಳಿಗೆ ವಾರಕ್ಕೊಮ್ಮೆ ಕಥೆ ಹೇಳುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದ್ದೇನೆ. ಪ್ರಕಾಶಕ ಪ್ರಶಾಂತನಿಗೂ ಹೇಳಿಬಿಟ್ಟೆ, ನನ್ನ ಮುಂದಿನ ಪುಸ್ತಕ ಬಿದ್ದ ಕಟ್ಟಡದ ಮೇಲೆ ಎಂದು. ಕಸದ ಗುಡ್ಡದ ಮೇಲೆ ಬರೆದಿದ್ದೇನೆ, ಮೊಬೈಲ್ ಚಟದ ಮೇಲೆ ಬರೆದಿದ್ದೇನೆ, ಟ್ಯಾಂಕರ್ ನೀರಿನ ಕಳ್ಳರ ಮೇಲೆ ಬರೆದಿದ್ದೇನೆ. ಇದನ್ನು ಬಿಟ್ಟರೆ ನಾನು ಎಂಥ ಬರಹಗಾರ್ತಿ?

ಧೈರ್ಯವಾಗಿರು.

ನಿನ್ನ ಅಮ್ಮ

•

ಧಾರವಾಡ
೧೯ ಜುಲೈ

ಅಮ್ಮಾ,

ನನ್ನ ಕನ್ನಡದಲ್ಲಿ ತಪ್ಪು ಇರುತ್ತೆ, ಕೆಂಪು ಪೆನ್ ಹಿಡಿದು ಕೂಡಬೇಡ.

ಆ ಶಾಲೆಗೆ ನೀನು ಹೋಗಬೇಡ. ಪ್ಲೀಸ್. ಅವರೆಲ್ಲ ಸಾಕ್ಷಿಗಳು. ಆರೋಪಿಯ ತಾಯಿ ಹೋಗಿ ಅವರ ಜೊತೆ ಮಾತಾಡಿದರೆ ನನ್ನ ಬೇಲ್ ಕ್ಯಾನ್ಸಲ್ ಆಗಬಹುದು. ಸದಾನಂದ ಸರ್‌ಗೆ ಕೇಳು ಬೇಕಾದರೆ. ಅವರು ಕೋರ್ಟಿನಲ್ಲಿ ಹೇಳಿದ್ದನ್ನೇ ನೀನೂ ಹೇಳು. ಯಾರಾದರೂ ಕೇಳಿದರೆ ಅಷ್ಟೇ ಹೇಳು. ಅದಕ್ಕಿಂತ ಜಾಸ್ತಿ ತಿಳಿದುಕೊಳ್ಳೋ ಅವಶ್ಯಕತೆ ನಿನಗಿಲ್ಲ.

ಇನ್ನೊಂದು. ನಿನ್ನ ಕಥೆಗಳಲ್ಲಿ ಅಪರಾಧಿ ಯಾರು ಅಂತ ನನಗೆ ಯಾವಾಗಲೂ ಹತ್ತನೇ ಪುಟದಲ್ಲೇ ಗೊತ್ತಾಗುತ್ತಿತ್ತು. ಅವರು ಮಕ್ಕಳನ್ನು ಗದರುತ್ತಿದ್ದರು, ನಾಯಿಗೆ ಒದೆಯುತ್ತಿದ್ದರು. ನಿನಗೆ ಬೇಜಾರಾಗಬಾರದು ಅಂತ ಕೊನೆಯವರೆಗೂ ಗೊತ್ತಿಲ್ಲದ ಹಾಗೆ ಓದುತ್ತಿದ್ದೆ. ಆ ಪುಸ್ತಕ ಬರೆಯಬೇಡ ಅಮ್ಮಾ.

ಊಟ ಮಾಡ್ತಿದ್ದೀನಿ. ಮಾವ ಒಳ್ಳೆಯವರು, ಏನೂ ಕೇಳೋದಿಲ್ಲ.

ಪ್ರಣೀತಾ

•

ವಡಾಲ
೧೧ ಆಗಸ್ಟ್

ಪ್ರಣಿ,

ನಾನು ಹೋದೆ. ನೀನು ಬೇಡ ಎಂದ ಮೇಲೂ ಹೋದೆ. ನಿನಗೆ ಸಹಾಯವಾಗಲಿ ಎಂದೇ ಹೊರಟಿದ್ದು, ಅದನ್ನು ನಂಬು.

ಹಾಲ್‌ನಲ್ಲಿ ಹಗ್ಗ ಕಟ್ಟಿ, ಸೀರೆ ಇಳಿಬಿಟ್ಟು ಮನೆ ಮನೆ ಮಾಡಿಕೊಂಡಿದ್ದಾರೆ. ಮಕ್ಕಳು ವೇದಿಕೆಯ ಮೆಟ್ಟಿಲ ಮೇಲೆ ಕುಳಿತರು. ಟ್ಯಾಂಕರ್ ಕಳ್ಳರ ಕಥೆಯನ್ನು ಹಿಂದಿಯಲ್ಲಿ ಹೇಳಿದೆ. ಬೇರೆ ಶಾಲೆಗಳಲ್ಲಿ ಮಕ್ಕಳು ಬಿದ್ದು ಬಿದ್ದು ನಗುವ ಜಾಗದಲ್ಲಿ ಇವರು ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದರು. ಮೇಲಿನ ಮಹಡಿಯಲ್ಲಿ ಯಾರೋ ಬೆಂಚು ಎಳೆದರು. ಕ್ಷಣಾರ್ಧದಲ್ಲಿ ಎಲ್ಲರೂ ಎದ್ದು ಬಾಗಿಲ ಹೊರಗೆ ನಿಂತಿದ್ದರು. ಅವರನ್ನು ಮತ್ತೆ ಒಳಗೆ ಕರೆತರಲು ನನ್ನಿಂದಾಗಲಿಲ್ಲ. ಕಥೆ ಅಲ್ಲಿಗೇ ನಿಂತಿತು.

ಆಮೇಲೆ ಒಬ್ಬ ಮುದುಕಿ ನನ್ನ ಬಳಿ ಬಂದು ಕುಳಿತಳು. ಮಲ್ಲಕ್ಕ. ವಿಜಯಪುರ ಜಿಲ್ಲೆಯವಳು. ಮಗ ಶಿವಪುತ್ರ ಗಾರೆ ಕೆಲಸದವನು, ಸೊಸೆಯೂ ಅವನ ಜೊತೆಗೆ ಹೋಗುತ್ತಾಳೆ, ಇವಳು ಪಕ್ಕದ ಸೊಸೈಟಿಯಲ್ಲಿ ಕಸ ಮುಸುರೆ ಮಾಡುತ್ತಾಳೆ. ಮೊಮ್ಮಗಳು ರಾಧಿಕಾಳಿಗೆ ಕಟ್ಟಡ ಬಿದ್ದ ದಿನ ಜ್ವರ ಬಂದಿತ್ತಂತೆ. ಶಾಲೆಗೆ ಕಳಿಸದೆ ಮಲಗಿಸಿ, ಮಧ್ಯಾಹ್ನ ಬರುತ್ತೇವೆ ಎಂದು ಮೂವರೂ ಕೆಲಸಕ್ಕೆ ಹೋಗಿದ್ದಾರೆ. ನಾಲ್ಕನೇ ತರಗತಿಯ ಹುಡುಗಿ. ಮಧ್ಯಾಹ್ನಕ್ಕೆ ಮೊದಲೇ ಕಟ್ಟಡ ಬಿದ್ದಿತ್ತು.

ನಾನು ಕನ್ನಡದವಳೆಂದು ತಿಳಿದು ಮಾತು ಬೆಳೆಸಿದಳು. ಮಾತಿನ ನಡುವೆ ಇದನ್ನೂ ಹೇಳಿದಳು. ಅವಳ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ.

"ಬಿಲ್ಡಿಂಗ್ ನೋಡಾಕ ಒಬ್ಬಾಕಿ ಹುಡುಗಿ ಬಂದಿದ್ಳ್ರಿ ಅಕ್ಕೋರೆ. ನಮ್ಮ ಮನಿಗೂ ಬಂದ್ಳು. ಅಡಗಿ ಮನ್ಯಾಗಿನ ಕಂಬದ ಬಿರುಕು ತೋರಿಸಿದ್ನಿ, ಬೊಟ್ಟು ತೂರಿಸಿ ನೋಡಿದ್ಳು. ಛಲೋ ಹುಡುಗಿ. ಕನ್ನಡಾ ಮಾತಾಡತಿದ್ಳು. ನಮ್ಮಂಗಲ್ಲ, ಕಥಿ ಪುಸ್ತಕದಾಗ ಇರ್ತೈತೆಲ್ಲ, ಹಂಗ."

ಮಲ್ಲಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು.

ಈ ಊರಿನಲ್ಲಿ ಕಥೆ ಪುಸ್ತಕದ ಹಾಗೆ ಕನ್ನಡ ಮಾತಾಡುವ ಎಂಜಿನಿಯರ್ ಹುಡುಗಿಯರು ಎಷ್ಟು ಮಂದಿ ಇದ್ದಾರು? ನಿನಗೆ ಕನ್ನಡ ಕಲಿಸಿದ್ದು ನನ್ನ ಪುಸ್ತಕಗಳೇ. ಬೀದಿಯಲ್ಲಿ ನಿನಗೆ ಹಿಂದಿ ಮರಾಠಿ ಸಿಕ್ಕಿತು, ಕನ್ನಡ ಮಾತ್ರ ನಾನು ಬರೆದ ವಾಕ್ಯಗಳಿಂದ ಬಂತು.

ನಾನು ಯಾರ ತಾಯಿ ಎಂದು ಅವಳಿಗೆ ಗೊತ್ತಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ.

ನೀನು ಮೇಲೆ ಹೋಗಿದ್ದೆಯಾ? ಹೌದು ಅಥವಾ ಇಲ್ಲ, ಅಷ್ಟು ಬರೆ ಸಾಕು.

ಅಮ್ಮ

•

ವಡಾಲ
೧೫ ಸೆಪ್ಟೆಂಬರ್

ಪ್ರಣಿ,

ನಿನ್ನ ಉತ್ತರ ಬರಲಿಲ್ಲ. ಉತ್ತರ ಬರದಿರುವುದೂ ಒಂದು ಉತ್ತರ ಎಂದು ನಾನು ತಿಳಿದುಕೊಳ್ಳಬಾರದು ಎಂದಾದರೆ ಈ ಕಾಗದ ಸಿಕ್ಕ ದಿನವೇ ಬರೆ.

ಸದಾನಂದರಿಗೆ ನಾನು ಶಾಲೆಗೆ ಹೋಗುವುದು ಹೇಗೋ ತಿಳಿದು ಫೋನಿನಲ್ಲೇ ಕೂಗಾಡಿದರು. ನಿಲ್ಲಿಸುತ್ತೇನೆ ಎಂದೆ, ನಿಲ್ಲಿಸಲಿಲ್ಲ. ಮಕ್ಕಳು ಈಗ ಬಯಲಿನಲ್ಲಿ, ಹುಣಸೆ ಮರದ ಕೆಳಗೆ ಕೂರುತ್ತಾರೆ. ಛಾವಣಿ ಇಲ್ಲದ ಕಡೆ ಅವರು ಕಥೆ ಕೇಳುತ್ತಾರೆ.

ಮಲ್ಲಕ್ಕ ಹೋದ ವಾರ ಮಿಕ್ಕಿದ್ದನ್ನೂ ಹೇಳಿದಳು. ಆ ಹುಡುಗಿ ಬಿರುಕು ನೋಡಿ ಮುಖ ಸಣ್ಣದು ಮಾಡಿದಳಂತೆ. ಇಲ್ಲಿ ಇರಬಾರದು ಅಜ್ಜಿ, ಖಾಲಿ ಮಾಡಬೇಕಾಗುತ್ತದೆ ಎಂದಳಂತೆ. ಆಗ ಮಲ್ಲಕ್ಕ ಅವಳ ಕಾಲು ಹಿಡಿದಿದ್ದಾಳೆ. ಈ ಊರಲ್ಲಿ ಒಮ್ಮೆ ಹೊರಗೆ ಬಿದ್ದ ಬಾಡಿಗೆಯವರು ಮತ್ತೆ ಒಳಗೆ ಬಂದದ್ದುಂಟೇ, ನಮ್ಮನ್ನು ಹೊರಗೆ ಹಾಕಿಸಬೇಡವ್ವ ಎಂದು ಬೇಡಿಕೊಂಡಿದ್ದಾಳೆ. ರಾಧಿಕಾ ಅಲ್ಲೇ ನಿಂತು ನೋಡುತ್ತಿದ್ದಳಂತೆ.

"ನಾ ಕಾಲು ಹಿಡೀಲಿಲ್ಲಂದ್ರ ಕೂಸು ಉಳೀತಿತ್ತ್ರಿ," ಎಂದಳು. ಅಳಲಿಲ್ಲ. ಸೊಪ್ಪು ಸೋಸುತ್ತಾ ಹೇಳಿದಳು.

ಈಗ ಅವಳಿಗೆ ಒಂದೇ ಹಟ. ಪೊಲೀಸರ ಮುಂದೆ ಎಲ್ಲವನ್ನೂ ಹೇಳಬೇಕು, ತನ್ನದನ್ನೂ ಸೇರಿಸಿ ಬರೆಸಬೇಕು. ಅವಳಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮೊದಲು ಬಂದ ಪೊಲೀಸರು ಅವಳ ಮಾತು ತಿಳಿಯದೆ ಹೆಸರಷ್ಟೇ ಬರೆದುಕೊಂಡು ಹೋಗಿದ್ದಾರೆ. ನೀವು ಕಥೆ ಬರೆಯುವವರು, ನೀವೇ ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಎನ್ನುತ್ತಾಳೆ.

ನಾನು ಮೊಣಕಾಲು ನೋವು ಎಂದು ಒಂದು ವಾರ ತಪ್ಪಿಸಿದ್ದೇನೆ. ಇನ್ನೊಂದು ವಾರಕ್ಕೆ ಏನು ಹೇಳಲಿ?

ಅಮ್ಮ

•

ಧಾರವಾಡ
೨೪ ಸೆಪ್ಟೆಂಬರ್

ಅಮ್ಮಾ,

ಹೌದು.

ಮೇಲೆ ಹೋಗಿದ್ದೆ. ಅಜ್ಜಿ ಚಹಾ ಕೊಟ್ಟರು. ನಾನು ಕನ್ನಡ ಮಾತಾಡಿದ್ದಕ್ಕೆ ಅವರಿಗೆ ತುಂಬಾ ಖುಷಿ. ಆ ಹುಡುಗಿ ನನ್ನ ಹೆಲ್ಮೆಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಬಿರುಕು ಪ್ಲಾಸ್ಟರಿನದ್ದಲ್ಲ. ಒಳಗಿನ ಕಬ್ಬಿಣ ಕಾಣುತ್ತಿತ್ತು, ಕೈ ಇಟ್ಟರೆ ತುಕ್ಕು ಪದರ ಪದರ ಉದುರುತ್ತಿತ್ತು. ಕಾಲೇಜಿನ ಹುಡುಗರಿಗೂ ಗೊತ್ತಾಗುತ್ತೆ ಅದು ಏನು ಅಂತ.

ಆಫೀಸಿಗೆ ಬಂದು ಕಿಶೋರ್ ಸರ್‌ಗೆ ಹೇಳಿದೆ, ಬಿಲ್ಡಿಂಗ್ ಖಾಲಿ ಮಾಡಿಸಬೇಕು ಅಂತ. ಅವರು ಬೈಯಲಿಲ್ಲ. ತುಂಬಾ ಪ್ರೀತಿಯಿಂದ ಕೂರಿಸಿ, 'ಈಗ ಹಾಗೆ ಬರೆದರೆ ಅಷ್ಟೂ ಸಂಸಾರ ಮಳೆಯಲ್ಲಿ ರಸ್ತೆಗೆ ಬರುತ್ತೆ. ಮಳೆಗಾಲ ಕಳೆಯಲಿ, ದೀಪಾವಳಿ ಆದಮೇಲೆ ನಾವೇ ಇನ್ನೊಂದು ರಿಪೋರ್ಟ್ ಕೊಡೋಣ' ಅಂದರು. ನನಗೆ ಕಾಲು ಹಿಡಿದ ಅಜ್ಜಿಯ ಕೈ ನೆನಪಾಯಿತು. ಸೈನ್ ಮಾಡಿದೆ. ನಿನಗೆ ನಿಜ ಹೇಳಲಾ? ಸೈನ್ ಮಾಡುವಾಗ ನಾನು ಒಳ್ಳೆಯವಳು ಅನ್ನಿಸಿತು.

ಲಾಕಪ್‌ನಲ್ಲಿ ಏನಾಯಿತು ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಯಾರೂ ಹೊಡೆಯಲಿಲ್ಲ. ಸಂಡಾಸಿನ ಪಕ್ಕ ಜಾಗ ಕೊಟ್ಟರು. ಒಬ್ಬಳು ಹೆಂಗಸು ದಿನಾ ಬೆಳಿಗ್ಗೆ ನನ್ನ ಪಕ್ಕ ಬಂದು, ಸತ್ತವರಲ್ಲಿ ಮಕ್ಕಳೆಷ್ಟು ಅಂತ ಕೇಳುತ್ತಿದ್ದಳು. ನಾನು ಹೇಳುವವರೆಗೂ ಏಳುತ್ತಿರಲಿಲ್ಲ.

ಅಜ್ಜಿಯನ್ನು ಠಾಣೆಗೆ ಕರೆದುಕೊಂಡು ಹೋಗಬೇಡ ಅಮ್ಮಾ. ನಾನು ಮತ್ತೆ ಒಳಗೆ ಹೋಗಲಾರೆ. ಅವರು ಹೇಗೂ ಊರಿಗೆ ಹೋಗುತ್ತಾರೆ. ಇನ್ನೊಂದೆರಡು ತಿಂಗಳು ನೀನು ಸುಮ್ಮನಿದ್ದರೆ ಸಾಕು. ನಾನು ನಿನ್ನ ಹತ್ತಿರ ಜೀವನದಲ್ಲಿ ಏನನ್ನೂ ಹೀಗೆ ಕೇಳಿಲ್ಲ.

ಈ ಕಾಗದ ಸುಟ್ಟುಬಿಡು.

ಪ್ರಣಿ

•

ವಡಾಲ
೨೦ ಅಕ್ಟೋಬರ್

ಪ್ರಣಿ,

ಕಾಗದ ಸುಟ್ಟೆ. ನೀನು ಕೇಳಿದ್ದರಲ್ಲಿ ಅಷ್ಟನ್ನು ಮಾತ್ರ ಮಾಡಿದ್ದೇನೆ.

ಬಹಳ ದಿನ ಹೊರಗೆ ಹೋಗಲಿಲ್ಲ. ಪ್ರಶಾಂತನಿಗೆ ಬರೆದುಕೊಟ್ಟಿದ್ದ ಮೊದಲ ಅಧ್ಯಾಯಗಳನ್ನು ತೆಗೆದು ಓದಿದೆ. ಅದರಲ್ಲಿ ಒಬ್ಬ ಬಿಲ್ಡರ್ ಇದ್ದ, ಬೆರಳ ತುಂಬ ಉಂಗುರ, ಮಕ್ಕಳನ್ನು ಕಂಡರೆ ಗದರುತ್ತಾನೆ. ನೀನು ಹೇಳಿದ್ದು ಸರಿ, ಹತ್ತನೇ ಪುಟದಲ್ಲೇ ಗೊತ್ತಾಗುತ್ತದೆ. ಒಬ್ಬ ಒಳ್ಳೆಯ ಹುಡುಗಿ, ಮುದುಕಿಯ ಮೇಲಿನ ಕರುಣೆಗೆ ಮಗುವನ್ನು ಕೊಂದಳು ಎಂದು ಮಕ್ಕಳಿಗೆ ಹೇಗೆ ಬರೆಯುವುದು? ಪ್ರಶಾಂತನಿಗೆ ಫೋನ್ ಮಾಡಿ, ಈ ಪುಸ್ತಕ ಆಗುವುದಿಲ್ಲ ಎಂದೆ. ಆರೋಗ್ಯ ನೋಡಿಕೊಳ್ಳಿ ಎಂದ.

ಸುಮ್ಮನಿರಲು ನೋಡಿದೆ. ನಿನ್ನಾಣೆ, ನೋಡಿದೆ. ಆದರೆ ಮಲ್ಲಕ್ಕ ಹುಡುಕಿಕೊಂಡು ವಡಾಲಕ್ಕೇ ಬಂದಳು. ಶಾಲೆಯಲ್ಲಿ ವಿಳಾಸ ಕೇಳಿ, ಲೋಕಲ್ ರೈಲಿನಲ್ಲಿ ದಾದರಿನ ತನಕ ಬಂದು, ಅಲ್ಲಿಂದ ಬಿಸಿಲಿನಲ್ಲಿ ದಾರಿ ಕೇಳುತ್ತಾ ನಡೆದು ಬಂದಿದ್ದಳು. ನನ್ನ ಮೊಣಕಾಲಿಗೆ ಹಚ್ಚಲು ಎಣ್ಣೆ ತಂದಿದ್ದಳು. ನೆಲದ ಮೇಲೆ ಕುಳಿತು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಆಗ ನನ್ನಿಂದ ತಡೆಯಲಾಗಲಿಲ್ಲ. ಗೋಡೆಯ ಮೇಲಿನ ನಿನ್ನ ಫೋಟೋ ತೋರಿಸಿ, ಇವಳೇ ಆ ಹುಡುಗಿ, ನನ್ನ ಮಗಳು ಎಂದೆ.

ಅವಳು ಫೋಟೋ ನೋಡಿದಳು. ನನ್ನ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಬಯ್ದಿದ್ದರೆ ಚೆನ್ನಾಗಿತ್ತು. ಬದಲಿಗೆ ಕೇಳಿದಳು, "ಆಕಿ ಉಣ್ಣತಾಳೇನ್ರಿ?"

ಉಣ್ಣುತ್ತಾಳೆ ಎಂದೆ.

"ಹಂಗಾರ ನಡೀರಿ ಠಾಣೇಕ," ಎಂದು ಎದ್ದು ನಿಂತಳು.

ಹೋದೆವು. ನಾನು ಯಾರೆಂದು ಅಲ್ಲಿನ ಮಹಿಳಾ ಅಧಿಕಾರಿಗೆ ಮೊದಲೇ ಹೇಳಿದೆ. ಹಾಗಾದರೆ ನೀವು ದುಭಾಷಿಯಾಗಿ ನಡೆಯುವುದಿಲ್ಲ ಎಂದು ಆಕೆ ಭೀಮರಾಯ ಎಂಬ ಹವಾಲ್ದಾರನನ್ನು ಕರೆಸಿದರು. ಅಕ್ಕಲಕೋಟ ಕಡೆಯವನು, ಮನೆ ಮಾತು ಕನ್ನಡ. ನನ್ನನ್ನು ಹೊರಗೆ ಕಳಿಸಬೇಕಿತ್ತು, ಮಲ್ಲಕ್ಕ ನನ್ನ ಕೈ ಬಿಡಲಿಲ್ಲ. ಬಾಯಿ ತೆರೆಯಬಾರದು ಎಂದು ಹೇಳಿ ಕೂರಿಸಿದರು.

ಅವಳು ಹೇಳಿದಳು, ಅವನು ಮರಾಠಿಯಲ್ಲಿ ಬರೆದ. ಹುಡುಗಿ ಬಂದದ್ದು, ಬಿರುಕು ನೋಡಿದ್ದು, ಇರಬಾರದು ಎಂದದ್ದು ಎಲ್ಲ ಬಂತು. ಮಲ್ಲಕ್ಕ ತಾನು ಕಾಲು ಹಿಡಿದದ್ದನ್ನು ಹೇಳಿದಳು. ಭೀಮರಾಯ ಪೆನ್ನು ಎತ್ತಿ ಅವಳ ಮುಖ ನೋಡಿದ. ಅದನ್ನು ಬರೆಯಲಿಲ್ಲ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವಳು, ನನ್ನ ಮಾತು ಬರಲಿಲ್ಲವಲ್ಲ ಎಂದು ತಗಾದೆ ತೆಗೆದಳು.

"ಅದು ಜರೂರಿ ಇಲ್ಲ ಬಿಡವ್ವ," ಎಂದ. "ಕೂಸಿನ ತ್ರಾಸು ಸಾಕು ನಿನಗ."

ಅವಳು ನನ್ನ ಕಡೆ ತಿರುಗಿದಳು. ನೀವಾದರೂ ಹೇಳ್ರಿ ಎನ್ನುವ ಹಾಗೆ. ಪ್ರಣಿ, ಆ ಒಂದು ಮಾತು ದಾಖಲಾಗಿದ್ದರೆ ಸದಾನಂದರು ಅದನ್ನೇ ಹಿಡಿದು ವಾದಿಸುತ್ತಿದ್ದರು. ಬಾಡಿಗೆಯವರೇ ಬೇಡಿಕೊಂಡರು, ಹುಡುಗಿ ಕರಗಿದಳು ಎಂದು. ಶಿಕ್ಷೆ ಕಡಿಮೆಯಾಗುತ್ತಿತ್ತೋ ಏನೋ. ನನಗೆ ಮರಾಠಿ ಬರುತ್ತದೆ. ಬಾಯಿ ತೆರೆದಿದ್ದರೆ ಆಗುತ್ತಿತ್ತು.

"ಸಾಕು ಮಲ್ಲಕ್ಕ, ಎಲ್ಲ ಬಂದಿದೆ," ಎಂದೆ.

ಇದನ್ನು ಯಾರ ಒತ್ತಾಯಕ್ಕೂ ಮಾಡಲಿಲ್ಲ. ಕೋಪ ಮಾಡಿಕೊಳ್ಳುವುದಾದರೆ ನನ್ನ ಮೇಲೆ ಮಾಡಿಕೋ, ಆ ಮುದುಕಿಯ ಮೇಲೆ ಬೇಡ.

ಸದಾನಂದರು ಕೇಸು ಬಿಟ್ಟಿಲ್ಲ. ಆರೋಪಿಯ ತಾಯಿಯೇ ಕೈ ಹಿಡಿದು ಕೂರಿಸಿ ಕೊಡಿಸಿದ ಹೇಳಿಕೆ, ಕೋರ್ಟಿನಲ್ಲಿ ಒಂದೇ ಏಟಿಗೆ ಬೀಳಿಸುತ್ತೇನೆ ಎಂದು ನಗುತ್ತಾರೆ. ಹಾಗಾಗಿ ಇಷ್ಟೆಲ್ಲ ಆದ ಮೇಲೂ ನೀನು ಪಾರಾಗಬಹುದಂತೆ. ಇದನ್ನು ನಿನಗೆ ತಿಳಿಸುವುದು ನನ್ನ ಕರ್ತವ್ಯ.

ಅಮ್ಮ

•

ಧಾರವಾಡ
೩ ಡಿಸೆಂಬರ್

ಅಮ್ಮಾ,

ಒಂದೂವರೆ ತಿಂಗಳು ನಿನ್ನ ಮುಖ ನೋಡಬಾರದು ಅಂದುಕೊಂಡಿದ್ದೆ. ಮಾವ ನಿನ್ನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದೆ. ನೀನು ಕಥೆ ಬರೆಯುತ್ತೀಯ, ಅದಕ್ಕೇ ನಿನಗೆ ಸತ್ಯ ಅನ್ನೋದು ಕೊನೆಯ ಪುಟದ ಹಾಗೆ ಸುಲಭ ಅಂತ ಮನಸ್ಸಲ್ಲೇ ಎಷ್ಟೋ ಸಲ ಬೈದೆ.

ಮೊನ್ನೆ ಮಾವನ ಮನೆಯ ಗೋಡೆಯಲ್ಲಿ ಒಂದು ಗೆರೆ ಕಂಡಿತು. ಸುಣ್ಣ ಒಡೆದ ಗೆರೆ, ಏನೂ ಅಲ್ಲ. ನಾನು ಬೆರಳು ಇಟ್ಟು ನೋಡುತ್ತಾ ನಿಂತಿದ್ದೆ. ಅತ್ತೆ ಬಂದು ಏನಾದರೂ ಅಪಾಯವೇನೇ ಅಂದರು. ಏನೂ ಇಲ್ಲ ಅತ್ತೆ ಅಂದೆ. ಅವರು ಕೂಡಲೇ ನಂಬಿದರು. ಎಂಜಿನಿಯರ್ ಹೇಳಿದಳಲ್ಲ. ಆರಾಮಾಗಿ ಒಳಗೆ ಹೋಗಿ ಮಲಗಿದರು.

ಒಂಬತ್ತನೇ ತಾರೀಖು ಕೋರ್ಟಿಗೆ ಬರುತ್ತೇನೆ. ಮ್ಯಾಜಿಸ್ಟ್ರೇಟ್ ಮುಂದೆ ನಾನೇ ಹೇಳಿಕೆ ಕೊಡುತ್ತೇನೆ ಅಂತ ಸದಾನಂದ ಸರ್‌ಗೆ ತಿಳಿಸಿದೆ. ಅವರು ವಕಾಲತ್ತು ವಾಪಸ್ ತೆಗೆದುಕೊಳ್ಳುತ್ತಾರಂತೆ, ನನ್ನ ಬೇಲ್ ಕೂಡ ಕ್ಯಾನ್ಸಲ್ ಆಗುತ್ತಂತೆ. ಮೇಲೆ ಹೋಗಿದ್ದೆ, ನೋಡಿದೆ, ಕಿಶೋರ್ ಸರ್‌ಗೂ ಹೇಳಿದೆ, ಆಮೇಲೆ ಸೈನ್ ಮಾಡಿದೆ. ಅಷ್ಟೇ. ಅಲ್ಲಿ ಇದ್ದವರು ಯಾರಾದರೂ ಬೇಡಿಕೊಂಡರಾ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. ಹೆದರೋದು ಅಜ್ಜಿಯ ತಪ್ಪಲ್ಲ. ಅವರಿಗೆ ಕಬ್ಬಿಣದ ಬಗ್ಗೆ ಏನು ಗೊತ್ತು.

ನನಗೆ ಭಯ ಹೋಗಿಲ್ಲ.

ಆ ದಿನ ನೀನು ಕೋರ್ಟಿಗೆ ಬರಬೇಡ. ನಿನ್ನನ್ನು ನೋಡಿದರೆ ನಾನು ಮನೆಗೆ ಹೋಗೋಣ ಅಂದುಬಿಡುತ್ತೇನೆ.

ಪ್ರಣಿ

•

ವಡಾಲ
೧೫ ಡಿಸೆಂಬರ್

ಪ್ರೀತಿಯ ಮಗಳೇ,

ಜೈಲಿನ ವಿಳಾಸಕ್ಕೆ ಕಾಗದ ಬರೆಯುವುದು ನನಗೂ ಹೊಸದು. ಓದಿ ನೋಡಿಯೇ ಕೊಡುತ್ತಾರಂತೆ. ಅದಕ್ಕೇ ಕೆಲವನ್ನು ಬರೆಯುವುದಿಲ್ಲ. ನಿನ್ನನ್ನು ಏನು ಕೇಳಿದರು, ನೀನು ಏನೆಂದೆ ಎಂಬುದನ್ನು ಕೇಸು ಬಿಟ್ಟರೂ ಆ ದಿನ ಕೋರ್ಟಿನಲ್ಲಿದ್ದ ಸದಾನಂದರ ಬಾಯಿಂದ ಕೇಳಿದೆ. ಕೇಳಿ ಮನೆಗೆ ಬಂದು ದೀಪ ಹಚ್ಚಿದೆ. ಅಷ್ಟು ಸಾಕು.

ಕಿಶೋರನನ್ನು ಮರುದಿನ ಆಫೀಸಿನಿಂದಲೇ ಕರೆದೊಯ್ದರು. ಕಟ್ಟಡದ ಮಾಲೀಕ ಮಾತ್ರ ಬಂಧನ ತಪ್ಪಿಸಿಕೊಳ್ಳಲು ಆಸ್ಪತ್ರೆ ಸೇರಿದ್ದಾನೆ.

ನೀನು ಬೇಡವೆಂದರೂ ಆ ದಿನ ನಾನು ಬಂದಿದ್ದೆ. ನಿನಗೆ ಕಾಣಬಾರದೆಂದು ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ನಿಂತಿದ್ದೆ. ಮಲ್ಲಕ್ಕನೂ ಬಂದಿದ್ದಳು. ಕರೆದವರು ಯಾರೂ ಇಲ್ಲ, ತಾನೇ ಬಂದಿದ್ದಳು. ಅವಳ ಸಂಸಾರಕ್ಕೆ ಶಾಲೆಯ ಹಿಂದಿನ ಚಾಳಿನಲ್ಲಿ ಒಂದು ಕೋಣೆ ಸಿಕ್ಕಿದೆ. ನೆಲಮಹಡಿಯದೇ ಬೇಕೆಂದು ಹಟ ಹಿಡಿದು ತೆಗೆದುಕೊಂಡಿದ್ದಾಳೆ.

ನಿನ್ನನ್ನು ವ್ಯಾನ್ ಹತ್ತಿಸುವುದನ್ನು ಇಬ್ಬರೂ ನೋಡಿದೆವು. ನೀನು ತೆಳ್ಳಗಾಗಿದ್ದೀಯ. ವ್ಯಾನ್ ತಿರುಗಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಏನಾದರೂ ಮಾತಾಡಬೇಕೆಂದು, ಮಕ್ಕಳಿಗೆ ಕಥೆ ಹೇಳಲು ಮುಂದಿನ ವಾರದಿಂದ ಮತ್ತೆ ಬರುತ್ತೇನೆ ಮಲ್ಲಕ್ಕ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಬರಬ್ಯಾಡ್ರಿ ಅಕ್ಕೋರೆ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆಕಿ ಮ್ಯಾಲೂ ಇಲ್ಲ. ಖರೇ ಹೇಳಿದ್ಳು, ಛಲೋ ಆತು. ಆದ್ರ ನಿಮ್ಮನ್ನ ನೋಡಿದ್ರ ನನಗ ಒಂದ ನೆನಪಾಗತೈತಿ." ವ್ಯಾನ್ ಹೋದ ರಸ್ತೆಯ ಕಡೆ ಕೈ ತೋರಿಸಿದಳು. "ನಿಮ್ಮಾಕಿ ಜೇಲಿನ್ಯಾಗಾದ್ರೂ ಅದಾಳ."

ಅವಳು ಸೆರಗು ಹೊದ್ದುಕೊಂಡು ಸ್ಟೇಶನ್ ಕಡೆಗೆ ನಡೆದಳು. ನಾನು ಅವಳ ಹಿಂದೆ ಹೋಗಲಿಲ್ಲ. ಒಂದೇ ಲೋಕಲ್ ಹತ್ತಬಾರದು ಎಂದು ಬಹಳ ಹೊತ್ತು ಅಲ್ಲೇ ಕುಳಿತೆ.

ಮಂಗಳವಾರದ ಭೇಟಿಗೆ ಹೆಸರು ಬರೆಸಿದ್ದೇನೆ. ನನ್ನನ್ನು ನೋಡಲು ನಿನಗೆ ಮನಸ್ಸಾಗದಿದ್ದರೆ ಹೊರಗೆ ಬರಬೇಡ, ಒಳಗೇ ಇರು. ಹೊತ್ತು ಮುಗಿಯುವ ತನಕ ನಾನು ಈ ಕಡೆ ಕುಳಿತಿರುತ್ತೇನೆ.

ಅಮ್ಮ